ಡೇರೆ ಬಗ್ಗೆ ದುರಗಪ್ಪ ಹೇಳಿದ್ದು

ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ನನ್ನಿಂದ ಒಬ್ಬರ ಕೆಲಸ ಹೋದ ಮೇಲೂ ನನ್ನದನ್ನು ಕಾಪಾಡಿಕೊಳ್ಳುವಷ್ಟು ಜಾಣತನ ನನಗಿದೆ. ರಾಣೆಬೆನ್ನೂರು ಸೀಮೆಯ, ಕಾಡು ಕಾಯುವ ಒಂದು ಸಣ್ಣ ಕಚೇರಿ ಎಂದಿಷ್ಟು ಸಾಕು. ನಾನು ಅಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್, ಹೆಸರು ಕೊಟ್ರೇಶ ಎಂದಿಟ್ಟುಕೊಳ್ಳಿ. ಊರು ಬ್ಯಾಡಗಿ. ಮನೆಯವರೆಲ್ಲ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ, ನಾನು ದಿನವೂ ಬಸ್ಸು ಹತ್ತಿ ಬಂದು ಮಂದಿ ಹೇಳಿದ್ದನ್ನು ಟೈಪು ಮಾಡುತ್ತೇನೆ. ಚೆನ್ನಾಗಿ ಬರೆಯುತ್ತೇನೆ ಎಂದು ಹೆಸರಿದೆ. ಆ ಹೆಸರೇ ಮುಳುವಾಯಿತು, ನನಗಲ್ಲ, ದುರಗಪ್ಪನವರಿಗೆ.

ದುರಗಪ್ಪ ಮೇಡ್ಲೇರಿಯವರು. ವಯಸ್ಸು ಐವತ್ತೆರಡು. ಹದಿನೆಂಟು ವರ್ಷದಿಂದ ನಮ್ಮಲ್ಲಿ ದಿನಗೂಲಿ ಕಾವಲುಗಾರರು. ಚಿಗರಿಗಳನ್ನು, ಅಂದರೆ ಕೃಷ್ಣಮೃಗಗಳನ್ನು, ಬೇಟೆಗಾರರಿಂದ ಕಾಯುವುದು ಅವರ ಕೆಲಸ. ರಾತ್ರಿಯಿಡೀ ಟಾರ್ಚು ಹಿಡಿದು ಗುಡ್ಡದ ಸುತ್ತ ತಿರುಗಬೇಕು, ಬೆಳಗಾದ ಮೇಲೆ ಕ್ಯಾಂಪಿಗೆ ಬಂದು ಮಲಗಬೇಕು. ಹದಿನೆಂಟು ವರ್ಷವೂ ಕಾಯಂ ಮಾಡುತ್ತೇವೆ ಎಂಬ ಮಾತು ಕೇಳಿಕೊಂಡೇ ಬಂದಿದ್ದರು. ಈ ವರ್ಷ ನಿಜವಾಗಿಯೂ ನಮ್ಮ ಕಚೇರಿಗೆ ಒಂದು ಹುದ್ದೆ ಬಂದಿತ್ತು, ಪಟ್ಟಿಯಲ್ಲಿ ಮೊದಲ ಹೆಸರು ದುರಗಪ್ಪನವರದೇ. ಪಟ್ಟಿ ಟೈಪು ಮಾಡಿದವನು ನಾನೇ ಆದ್ದರಿಂದ ಬಲ್ಲೆ. ಅವರಿಗೆ ಬೇಕಾಗಿದ್ದದ್ದು ಖಾಕಿ ಅಂಗಿ. ದಿನಗೂಲಿಯವರಿಗೆ ಅದು ಇಲ್ಲ.

"ಒಮ್ಮೆರ ಡ್ರೆಸ್ ಹಾಕ್ಕೊಂಡು ಊರಾಗ ಹಾಯ್ದು ಹೋಗಬೇಕ್ರಿ ಸರ," ಎನ್ನುತ್ತಿದ್ದರು. "ಬ್ಯಾಟಿಯವ್ರ ಮನಿ ಅಂತ ನಮ್ಮನ್ನ ಕರಿಯೂದು ಇನ್ನೂ ಬಿಟ್ಟಿಲ್ಲ ಮಂದಿ."

ಅವರ ತಂದೆ ಹೆಸರಾಂತ ಬೇಟೆಯಾಳು. ಪೇಟೆಯ ಸಾವುಕಾರರು ಜೀಪು ಕಟ್ಟಿಕೊಂಡು ಶಿಕಾರಿಗೆ ಬಂದರೆ ಪ್ರಾಣಿ ಎಬ್ಬಿಸಲು, ಡೇರೆ ಹೊಡೆಯಲು ಅವರೇ ಬೇಕಿತ್ತು. ಬಂದೂಕು ಹಿಡಿದವರ ಮೊಮ್ಮಗ ಈಗ ವನ್ಯಜೀವಿ ಸಪ್ತಾಹಕ್ಕೆ ನಮ್ಮಲ್ಲಿ ಮುಖ್ಯ ಅತಿಥಿಯಾಗಿ ಬಂದು ಶಾಲು ಹೊದಿಸಿಕೊಂಡು ಹೋಗುತ್ತಾರೆ. ಡೇರೆ ಹೊತ್ತವರ ಮಗನಿಗೆ ಮಾತ್ರ ಬೇಟೆಯವರ ಮನೆ ಎಂಬ ಹೆಸರು ಉಳಿದಿದೆ.

ಈ ವರ್ಷ ಫೆಬ್ರುವರಿಯಲ್ಲಿ ಹೊಸ ಸಾಹೇಬರು ಬಂದರು. ಮೈಸೂರು ಕಡೆಯವರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ, ಕೆಟ್ಟವರು ಕಾವಲುಗಾರನ ಅಭಿಪ್ರಾಯ ಕೇಳುವುದಿಲ್ಲ. ಕ್ಯಾಂಪಿನ ಡೇರೆಗಳು ಹರಿದು ಚಿಂದಿಯಾಗಿದ್ದವು. ಹೊಸವು ತರಿಸಬೇಕು, ಕ್ಯಾನ್ವಾಸೋ ನೈಲಾನೋ ಎಂಬುದನ್ನು ಅದರಲ್ಲಿ ಇರುವವರೇ ಹೇಳಲಿ ಎಂದು ಅವರು ಆಜ್ಞೆ ಮಾಡಿದರು. ಒಂದೊಂದು ಮಾದರಿ ತರಿಸಿ ಒಂದು ತಿಂಗಳು ಅಕ್ಕಪಕ್ಕ ನಿಲ್ಲಿಸಿ ನೋಡುವುದೆಂದಾಯಿತು.

ನೈಲಾನಿನದು ಬೆಂಗಳೂರಿನಿಂದ ಒಂದು ಸಣ್ಣ ಚೀಲದಲ್ಲಿ ಬಂತು. ಕ್ಯಾನ್ವಾಸಿನದನ್ನು ನಮ್ಮೂರಿನ ಮೈಮುನಾಬಿಯವರ ಹತ್ತಿರ ಹೊಲಿಸಿದೆವು. ಮೆಣಸಿನಕಾಯಿ ಲಾರಿಗಳ ಮೇಲೆ ಹೊದಿಸುವ ತಾಡಪತ್ರಿ ಹೊಲಿಯುವವರು ಅವರು, ಕೈ ಗಟ್ಟಿ. ನೈಲಾನಿನದು ಹತ್ತು ನಿಮಿಷದಲ್ಲಿ ಎದ್ದು ನಿಂತಿತು. ಕ್ಯಾನ್ವಾಸಿನದನ್ನು ನಿಲ್ಲಿಸಲು ಮೂವರು ಅರ್ಧ ತಾಸು ಬೆವರಬೇಕಾಯಿತು. ಸಾಹೇಬರು ಒಂದು ರಾತ್ರಿ ನೈಲಾನಿನದರಲ್ಲಿ ಮಲಗಿ ಎದ್ದು, ಚೆನ್ನಾಗಿದೆ ಎಂದು ಹೋದರು.

ತಿಂಗಳು ಮುಗಿದ ಮೇಲೆ ದುರಗಪ್ಪನವರನ್ನು ಕರೆದರು. ಒಗೆದ ಅಂಗಿ ತೊಟ್ಟು ಬಂದಿದ್ದರು. ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂರಿಸಿ, "ಹೇಳ್ರಿ ದುರಗಪ್ಪಣ್ಣ, ನಾ ಬರಕೊಂತೇನಿ," ಎಂದೆ.

"ನೈಲಾನ್ ಡೇರೆ ರಾತ್ರಿ ಛಲೋರಿ," ಎಂದು ಶುರುಮಾಡಿದರು. "ಆದ್ರ ನಾವು ರಾತ್ರಿ ಅದರಾಗ ಇರಂಗಿಲ್ಲಲ್ರಿ, ಹಗಲೊತ್ತು ಮಲಗವ್ರು. ಮುಂಜಾನೆ ಹತ್ತಕ್ಕ ಅದರಾಗ ಹೊಕ್ಕು ನೋಡ್ರಿ, ಬೆಂದು ಹೊರಗ ಬರತೀರಿ. ಕ್ಯಾನ್ವಾಸಿಗೂ ಊನ ಅದಾವ್ರಿ, ಇಲ್ಲ ಅನ್ನಂಗಿಲ್ಲ. ಭಾರ ಭಾಳ. ಒಣಗಸದ ಮಡಚಿದ್ರ ಬೂಸರು ಹಿಡಿತೈತಿ. ಮಳ್ಯಾಗ ಒಳಗಿಂದ ಬೆರಳು ಹಚ್ಚಿದ್ರ ಹಚ್ಚಿದಲ್ಲೇ ಸೋರತೈತಿ. ಆದ್ರ ಅದರಾಗ ಮನಷ್ಯಾ ಮಲಗಬಹುದ್ರಿ."

ಇಷ್ಟನ್ನು ಟೈಪು ಮಾಡಿ ಒಯ್ದರೆ ಸಾಹೇಬರು ಸಾಲದು ಎಂದು ತಲೆಯಾಡಿಸಿದರು.

"ಇಷ್ಟಕ್ಕೆ ಹಾವೇರಿಯ ಮೇಲಧಿಕಾರಿಗಳು ಒಪ್ಪಲ್ಲ ಕೊಟ್ರೇಶ್. ಸೆಖೆ ಆಗುತ್ತೆ ಅಂದ್ರೆ ಸಹಿಸ್ಕೊಳ್ಳಿ ಅಂತಾರೆ. ಬೇಟೆ ತಡೆಯೋ ಕೆಲಸಕ್ಕೆ ಇದರಿಂದ ಏನು ವ್ಯತ್ಯಾಸ ಅಂತ ಬರೀಬೇಕು. ಇನ್ನೊಂದ್ಸಲ ಕೇಳಿ. ಅವರ ಅನುಭವ ಅವರ ಮಾತಲ್ಲೇ ಬರಲಿ."

ಹೊರಗೆ ಬಂದು ಕೇಳಿದೆ. ದುರಗಪ್ಪ ಕುರ್ಚಿಯಲ್ಲೇ ಮುಂದಕ್ಕೆ ಸರಿದರು. ಅಷ್ಟು ವರ್ಷದಲ್ಲಿ ಅವರಿಗೆ ಗೊತ್ತಿರುವುದನ್ನು ಯಾರೂ ಕೇಳಿರಲಿಲ್ಲ. ಬೇಲಿ ಎಲ್ಲಿ ಮುರಿದಿದೆ, ನೀರು ಯಾರು ತರುತ್ತಾರೆ, ಇಷ್ಟೇ ಕೇಳಿದ್ದೆವು.

"ಸಪ್ಪಳರಿ ಸರ," ಎಂದರು. "ನೈಲಾನ್ ಗಾಳಿಗೆ ಪರಪರ ಅಂತೈತಿ. ಎರಡು ಫರ್ಲಾಂಗಿಗೆ ಕೇಳತೈತಿ. ಬ್ಯಾಟಿಗೆ ಬಂದಾಂವ ಕಣ್ಣಿಲೆ ಹುಡುಕೂದಿಲ್ರಿ, ಕಿವೀಲೆ ಹುಡುಕತಾನ. ಕಾವಲಿನವ್ರ ಡೇರೆ ಎಲ್ಲಿ ಐತಿ ಅಂತ ತಿಳದ್ರ ಸಾಕು, ಆ ಕಡೆ ಬಿಟ್ಟು ಈ ಕಡೆ ಇಳೀತಾನ."

"ಇದು ನಿಮಗ ಹ್ಯಾಂಗ ಗೊತ್ತರಿ?"

ಆ ಪ್ರಶ್ನೆ ನನ್ನದು. ಸಾಹೇಬರು ಕೇಳಿಸಿದ್ದಲ್ಲ.

"ನಾವೂ ಹಂಗ ಇಳೀತಿದ್ವಲ್ರಿ," ಎಂದು ನಕ್ಕರು. "ನನಗ ಆಗ ಹದಿನೈದು ವರ್ಷ. ಅಪ್ಪನ ಕೂಡ ಹೋಗತಿದ್ದೆ. ಬ್ಯಾಟಿ ಬಂದ್ ಆಗಿತ್ತು, ಆದ್ರ ಸಾವುಕಾರ್ರಿಗೆ ಯಾವ ಬಂದ್ ರೀ? ಒಮ್ಮೆ ಅವ್ರು ಮುಂಬೈಯಿಂದ ಹೊಸಾ ನಮೂನಿ ಡೇರೆ ತಂದಿದ್ರು, ನೈಲಾನಿಂದು. ಮೂರು ದಿನ ಕುಂತ್ರೂ ಒಂದು ಚಿಗರಿ ಹತ್ರ ಬರಲಿಲ್ಲ. ನಾಕನೇ ದಿನ ಅಪ್ಪ ಅದನ್ನ ಕಿತ್ತಸಿ ಹಳೇ ಕ್ಯಾನ್ವಾಸ್ ಹೊಡಿಸಿದ. ಸಂಜೀಕ ಎರಡು ಬಿದ್ದೂರಿ. ಒಂದನ್ನ ನಾನ ಹೊತಗೊಂಡು ಬಂದೆ. ಅದಕ ಹೇಳತೇನಿ ಸರ, ಡೇರೆ ಸುಮ್ಮ ಇರಬೇಕು. ಚಿಗರಿ ಹೊಡಿಯವಗೂ ಅದ ಬೇಕು, ಕಾಯವಗೂ ಅದ ಬೇಕು."

ಇಂಥ ಮಾತು ಸರಕಾರಿ ಕಾಗದದಲ್ಲಿ ಬರುವುದು ಅಪರೂಪ. ನನ್ನ ಕೈ ತಾನಾಗಿಯೇ ಓಡಿತು. ಹದಿನೈದು ವರ್ಷ, ಅಪ್ಪ, ಎರಡು ಬಿದ್ದದ್ದು, ಹೊತ್ತು ತಂದದ್ದು, ಒಂದನ್ನೂ ಬಿಡಲಿಲ್ಲ. ಟೈಪು ಮಾಡುವಾಗಲೇ ಮನಸ್ಸಿನಲ್ಲಿ ಒಂದು ಅಳುಕು ಎದ್ದಿತ್ತು. ಕಾಯಂ ಪಟ್ಟಿಯಲ್ಲಿ ಹೆಸರಿರುವ ಮನುಷ್ಯ ತಾನು ಚಿಗರಿ ಬೇಟೆಗೆ ಹೋಗಿದ್ದೆ ಎಂದು ಸಹಿ ಹಾಕಿ ಕೊಡಬಾರದು ಎಂಬಷ್ಟು ತಿಳಿವಳಿಕೆ ಆರು ವರ್ಷ ಕಚೇರಿಯಲ್ಲಿ ಕೂತವನಿಗೆ ಇರುತ್ತದೆ. ಆದರೆ ಆ ಪುಟ ಅಷ್ಟು ಚೆನ್ನಾಗಿ ಬಂದಿತ್ತು. ಸಾಹೇಬರು ಓದಿ ಏನನ್ನುತ್ತಾರೆ ಎಂದು ನೋಡುವ ಆಸೆ ನನ್ನನ್ನು ಹಿಡಿದಿತ್ತು. ಅವರ ಮಾತಲ್ಲೇ ಬರಲಿ ಎಂದಿದ್ದರಲ್ಲ, ನನ್ನದೇನು ತಪ್ಪು ಎಂದು ನನಗೆ ನಾನೇ ಹೇಳಿಕೊಂಡೆ.

"ಒಮ್ಮೆ ಓದಿ ಹೇಳ್ಲೇನ್ರಿ?" ಎಂದು ಬಾಯಿಮಾತಿಗೆ ಕೇಳಿದೆ.

"ನೀವು ಬರದದ್ದನ್ನ ಮತ್ತ್ಯಾಕ ಓದೂದ್ರಿ," ಎಂದು ದುರಗಪ್ಪ ನನ್ನ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಓದು ಅವರಿಗೆ ಅಷ್ಟಕ್ಕಷ್ಟೆ.

ಸಾಹೇಬರು ಎರಡು ಸಲ ಓದಿದರು. "ಎಂಥ ಬರವಣಿಗೆ ಕೊಟ್ರೇಶ್, ನೀವು ಇಲ್ಲಿರಬೇಕಾದವರಲ್ಲ," ಎಂದರು. ಆ ಸಂಜೆ ಬ್ಯಾಡಗಿಯ ಬಸ್ಸಿನಲ್ಲಿ ಆ ಮಾತನ್ನೇ ನೆನೆಯುತ್ತ ಹೋದೆ. ದುರಗಪ್ಪನವರ ನೆನಪು ಒಮ್ಮೆಯೂ ಬರಲಿಲ್ಲ.

ಹಾವೇರಿಯಿಂದ ಒಪ್ಪಿಗೆ ಬೇಗ ಬಂತು: ಕ್ಯಾನ್ವಾಸ್, ನಾಲ್ಕು ಡೇರೆ. ಕಾವಲುಗಾರನ ವರದಿ ಮನವರಿಕೆ ಮಾಡುವಂತಿದೆ ಎಂಬ ಒಂದು ಸಾಲೂ ಇತ್ತು. ದುರಗಪ್ಪನವರಿಗೆ ಓದಿ ಹೇಳಿದೆ. ಅವರು ಎಲ್ಲರಿಗೂ ಚಹಾ ಕುಡಿಸಿದರು.

ಮೂರು ವಾರಕ್ಕೆ ಇನ್ನೊಂದು ಕಾಗದ ಬಂತು. ಕಾಯಂ ಮಾಡುವ ಮೊದಲು ಹಿನ್ನೆಲೆ ನೋಡುತ್ತಾರಲ್ಲ, ಯಾರೋ ಆ ಕಡತಕ್ಕೆ ಈ ವರದಿಯನ್ನೂ ಸೇರಿಸಿದ್ದರು. ಸದರಿಯವರು ನಿಷೇಧದ ನಂತರವೂ ವನ್ಯಪ್ರಾಣಿ ಬೇಟೆಯಲ್ಲಿ ಪಾಲ್ಗೊಂಡಿರುವುದಾಗಿ ಸ್ವತಃ ಬರೆದುಕೊಟ್ಟಿರುವುದರಿಂದ ಅವರ ಹೆಸರನ್ನು ಕೈಬಿಡಲಾಗಿದೆ, ಇನ್ನು ಮುಂದೆ ಕಾವಲು ಕೆಲಸಕ್ಕೂ ಕರೆಯತಕ್ಕದ್ದಲ್ಲ. ಎರಡೇ ಸಾಲು. ಅದರ ಪ್ರತಿ ತೆಗೆದವನೂ ನಾನೇ.

ಸಾಹೇಬರ ಕೋಣೆಗೆ ಓಡಿದೆ. ಹುಡುಗನಿದ್ದಾಗಿನ ಮಾತು, ಮೂವತ್ತೇಳು ವರ್ಷದ ಹಿಂದಿನದು, ಒಂದು ಪತ್ರ ಬರೆಯಿರಿ ಎಂದು ಬೇಡಿಕೊಂಡೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನಾನು ಏನಂತ ಬರೀಲಿ? ಸಹಿ ಅವರದೇ ಇದೆ. ಅಷ್ಟಕ್ಕೂ ಅದನ್ನ ಹಾಗೇ ಬರೆದವರು ನೀವಲ್ವಾ?"

ನಿಜವನ್ನೇ ಹೇಳಿದರು. ಓದಿ ಮೆಚ್ಚಿ ಕಳಿಸಿದವರು ತಾವು ಎಂಬುದನ್ನು ಮಾತ್ರ ಹೇಳಲಿಲ್ಲ. ಅವರೂ ಹೆದರಿದ್ದರು. ಮತ್ತೊಮ್ಮೆ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಾಗದ ದುರಗಪ್ಪನವರಿಗೆ ಮುಟ್ಟಿದ ನಾಲ್ಕನೆಯ ದಿನ ಅವರ ಹೆಂಡತಿ ಭರಮವ್ವ ಬಂದರು. ಕಚೇರಿಯ ಒಳಗೆ ಬರಲಿಲ್ಲ, ಮೆಟ್ಟಿಲ ಹತ್ತಿರ ನಿಂತರು.

"ತಮ್ಮಾ, ಇವ್ರು ಬ್ಯಾಟಿಗೆ ಹೋಗಿದ್ರು ಅಂತ ಮ್ಯಾಲಿನವ್ರಿಗೆ ಹೇಳಿದವ್ರು ಯಾರು? ಮನ್ಯಾಗ ಕೇಳಿದ್ರ ನನ್ನ ಬಾಯಿ, ನನ್ನ ಬಾಯಿ ಅಂತ ಕುಂತಾರ. ಮೂರು ದಿನಾತು ರೊಟ್ಟಿ ಮುಟ್ಟಿಲ್ಲ."

"ಗೊತ್ತಿಲ್ಲವ್ವ," ಎಂದೆ.

ನನ್ನಂಥ ಹೇಡಿಯ ಬಾಯಲ್ಲಿ ಮತ್ತೇನು ಬರುತ್ತದೆ? ಅವರು ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಹೋದರು. ಕಾಯಂ ಹುದ್ದೆ ಪಟ್ಟಿಯ ಎರಡನೆಯವನಿಗೆ ಹೋಯಿತು. ಮಾಲತೇಶ ಎಂದು, ಒಳ್ಳೆಯ ಮನುಷ್ಯನೇ, ಆದರೆ ಚಿಗರಿಯ ಹೆಜ್ಜೆಗೂ ಕುರಿಯ ಹೆಜ್ಜೆಗೂ ವ್ಯತ್ಯಾಸ ತಿಳಿಯದವನು.

ಮೇ ಕೊನೆಯಲ್ಲಿ ಡೇರೆಗಳು ಬಂದವು. ಮೈಮುನಾಬಿ ತಾವೇ ಲಾರಿಯ ಜೊತೆ ಬಂದು ಇಳಿಸಿಕೊಟ್ಟರು. ನಿಲ್ಲಿಸಲು ಹೋದರೆ ಯಾರಿಗೂ ಬರಲಿಲ್ಲ. ಮಾಲತೇಶ ಮತ್ತು ಮೂವರು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಹೆಣಗಿದರು. ಒಂದು ನಿಂತರೆ ಇನ್ನೊಂದು ಬೀಳುತ್ತಿತ್ತು. ಮಳೆ ಹತ್ತಿರ ಬಂದಿತ್ತು. ಸಾಹೇಬರು ನನ್ನನ್ನು ಕರೆದು, ಗೋಡೆಯ ಕಡೆ ನೋಡುತ್ತ, "ಆ ದುರಗಪ್ಪನ್ನ ಒಂದು ದಿನದ ಮಟ್ಟಿಗೆ ಕರೆಸಿ. ಡೇರೆ ಹೊಡೆಯೋದು ಕಾವಲು ಕೆಲಸ ಅಲ್ಲವಲ್ಲ," ಎಂದರು.

ಬರುವುದಿಲ್ಲ ಎಂದುಕೊಂಡಿದ್ದೆ. ಬರದಿರಲಿ ಎಂದು ಹಾರೈಸಿದ್ದೆ ಕೂಡ. ದುರಗಪ್ಪ ಬಂದರು. ಗಾಳಿ ಯಾವ ಕಡೆಯಿಂದ ಎಂದು ನೋಡಿ ನಾಲ್ಕು ಡೇರೆಯ ಬಾಗಿಲನ್ನೂ ಅದಕ್ಕೆ ಬೆನ್ನು ಮಾಡಿ ಇಟ್ಟರು. ಎರೆಮಣ್ಣಿನಲ್ಲಿ ಗೂಟ ಎಷ್ಟು ಓರೆಯಾಗಿ ಹೊಡೆಯಬೇಕೆಂದು ಮಾಲತೇಶನ ಕೈ ಹಿಡಿದು ಕಲಿಸಿದರು. ಮಳೆ ಬಂದಾಗ ಹಗ್ಗ ಬಿಗಿಯುತ್ತದೆ, ಆಗ ಸ್ವಲ್ಪ ಸಡಿಲಿಸು, ಇಲ್ಲದಿದ್ದರೆ ಗೂಟ ಕಿತ್ತುಬರುತ್ತದೆ ಎಂದು ಎರಡೆರಡು ಸಲ ಹೇಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಮೈ ಇಳಿದಿತ್ತು.

ಕೆಲಸ ಮುಗಿದ ಮೇಲೆ ಉಳಿದವರು ಕೈಕಾಲು ತೊಳೆಯಲು ಹೋದರು. ದುರಗಪ್ಪ ನನ್ನ ಹತ್ತಿರ ಬಂದರು.

"ಸರ, ಆ ಕಾಗದ ನಿಮ್ಮ ಫೋನಿನಾಗ ಐತೇನ್ರಿ? ನಾ ಏನೇನ ಹೇಳಿದ್ದೆ, ಒಮ್ಮೆ ಓದಿ ಹೇಳ್ರಿ. ಮನ್ಯಾಗ ಕೇಳತಾಳ. ನನಗ ಸರಿಯಾಗಿ ನೆಪ್ಪಿಲ್ಲ."

ಇತ್ತು. ಇಲ್ಲ ಎನ್ನಬಹುದಿತ್ತು, ಆದರೆ ಎಷ್ಟು ಸಲ ಸುಳ್ಳು ಹೇಳಲಿ? ತೆಗೆದು ಓದತೊಡಗಿದೆ. ಹಗಲು ಮಲಗುವ ಮಾತು ಓದಿದೆ, ಬೂಸರಿನ ಮಾತು ಓದಿದೆ. ಅವರು ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ಸಪ್ಪಳದ ಮಾತು ಬಂತು. ಅದರ ಮುಂದೆ ಅವರು ಅಪ್ಪನ ಕೂಡ ಬೇಟೆಗೆ ಹೋದ ಸಾಲು. ಅವರ ಎದುರಿಗೆ ಅದನ್ನು ಓದುವುದು ನನ್ನಿಂದಾಗಲಿಲ್ಲ. ಕಣ್ಣು ಎತ್ತದೆ, ಅಲ್ಲಿ ಬರೆದಿದ್ದನ್ನು ಬಿಟ್ಟು ಬೇರೆಯದನ್ನೇ ಓದಿದೆ: "ಹಿಂದೆ ಬೇಟೆಗೆ ಹೋಗುತ್ತಿದ್ದವರು ಹೇಳುವುದನ್ನು ಕೇಳಿರುವ ಪ್ರಕಾರ, ನೈಲಾನ್ ಡೇರೆಯ ಸಪ್ಪಳಕ್ಕೆ ಪ್ರಾಣಿಗಳು ಹತ್ತಿರ ಬರುವುದಿಲ್ಲ." ಕಷ್ಟಪಟ್ಟು ಹುಡುಕಬೇಕಾಗಲಿಲ್ಲ, ಸಾಲು ತಾನಾಗಿಯೇ ಬಂತು.

ದುರಗಪ್ಪ ತಲೆಯಾಡಿಸುವುದನ್ನು ನಿಲ್ಲಿಸಿದರು.

"ನಾ ಹಂಗ ಹೇಳಿರಲಿಲ್ಲಲ್ರಿ."

"ಇಲ್ರಿ."

"ಕಾಗದದಾಗ ಹಂಗ ಐತೇನ್ರಿ?"

"ಇಲ್ಲ ದುರಗಪ್ಪಣ್ಣ. ನೀವು ಹೇಳಿದಂಗ ಐತಿ."

ಅವರು ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತರು. ಅಲ್ಲಿರುವ ಅಕ್ಷರಗಳನ್ನು ಅವರಿಗೆ ಅಷ್ಟು ಬೇಗ ಓದಲು ಬರುವುದಿಲ್ಲ.

"ಮತ್ತ ಈಗ ಓದಿದ್ರಲ್ರಿ," ಎಂದರು. "ಹಂಗೂ ಬರೀಬಹುದಿತ್ತೇನ್ರಿ ಸರ?"

"ಬರೀಬಹುದಿತ್ತು," ಎಂದೆ.

ಬೈಯಲಿ ಎಂದು ಕಾದೆ. ಅವರು ಬಗ್ಗಿ ಚಪ್ಪಲಿ ಮೆಟ್ಟಿಕೊಂಡರು.

"ಇಷ್ಟು ದಿನ ನನ್ನ ಬಾಯಿಗೆ ನಾನ ಬೈಕೊಂತ ಕುಂತಿದ್ದೆ," ಎಂದು ಹೇಳಿ, ಮೇಡ್ಲೇರಿ ರಸ್ತೆಯ ಕಡೆ ನಡೆದರು.