ಬೇವಿನ ಮರಕ್ಕೆ ಕಟ್ಟಿದ ಮೀಸೆ

ಚಳ್ಳಕೆರೆಯ ಮಂಡಿಯಲ್ಲಿ ಮುರುಗೇಂದ್ರಪ್ಪನವರ ಹೆಸರು ಗೊತ್ತಿಲ್ಲದವರಿಗೂ ಅವರ ಮೀಸೆ ಗೊತ್ತಿತ್ತು. ಆ ಮೀಸೆಗೆ ಒದಗಿದ ಕಷ್ಟಕ್ಕೆ ಶಾಲೆಯ ಮೇಡಮ್ಮೇ, ಅಂದರೆ ನಾನೇ, ಕಾರಣ ಎಂದು ಊರಿನಲ್ಲಿ ಇವತ್ತಿಗೂ ಹೇಳುತ್ತಾರಂತೆ. ನಾನು ಒಪ್ಪುವುದಿಲ್ಲ. ನಾನು ಮಾಡಿಸಿದ್ದು ಬರೀ ಕತ್ತರಿ, ಅಂಟು, ಬಣ್ಣದ ಕೆಲಸ. ಮೀಸೆಯನ್ನು ಅದರೊಳಗೆ ತಂದವರು ಅವರ ಮನೆಯವರೇ.

ಎರಡು ಸಾವಿರದ ಒಂದನೇ ಇಸವಿ. ಚಳ್ಳಕೆರೆ ಹತ್ತಿರದ ತಳಕಿನಿಂದ ಒಳಗೆ ಹೋಗುವ ಒಂದು ಹಳ್ಳಿಯ ಶಾಲೆಗೆ ನಾನು, ದಾವಣಗೆರೆಯ ಶಿವರಂಜನಿ, ಹೊಸ ಟೀಚರಾಗಿ ಬಂದಿದ್ದೆ. ಒಂದು ಟ್ರಂಕು, ಒಂದು ಸ್ಟವ್ವು, ಸೊಂಟದಿಂದ ಕೆಳಕ್ಕೆ ಇಳಿಯುವ ಜಡೆ, ಇಷ್ಟೇ ನನ್ನ ಆಸ್ತಿ. ಊರಿನ ಹೆಂಗಸರು ನನ್ನ ಹೆಸರು ಕೇಳುವುದಕ್ಕೆ ಮೊದಲು ತಲೆಗೆ ಯಾವ ಎಣ್ಣೆ ಹಚ್ಚುತ್ತೀರಿ ಎಂದು ಕೇಳಿದ್ದರು.

ಚಳ್ಳಕೆರೆಯಲ್ಲಿ ನಡೆದ ತರಬೇತಿಯಲ್ಲಿ ನಮಗೆ ಒಂದೊಂದು ಚಿತ್ರಪುಸ್ತಕ ಕೊಟ್ಟಿದ್ದರು. ನನಗೆ ಸಿಕ್ಕಿದ್ದರಲ್ಲಿ ಒಂದು ಕಾಡು, ಕಾಡಿನಲ್ಲಿ ಒಂದು ಮರ. ಪ್ರಾಣಿಗಳೆಲ್ಲ ತಮ್ಮ ತಮ್ಮ ಆಸೆಯನ್ನು ಎಲೆಯ ಮೇಲೆ ಬರೆದು ಅದಕ್ಕೆ ನೇತುಹಾಕುತ್ತವೆ. ಆಮೆಗೆ ಚಪ್ಪಲಿ ಬೇಕು, ಅದೂ ಎರಡು ಜೊತೆ. ಮೂರನೇ ತರಗತಿಯ ಮಕ್ಕಳಿಗೆ ಓದಿ ಹೇಳಿದೆ. ಆಮೆ ಚಪ್ಪಲಿ ಹಾಕಿಕೊಂಡ ಪುಟ ಬಂದಾಗ ಅವರು ನಕ್ಕ ಸದ್ದಿಗೆ ಹೆಡ್ಮಾಸ್ಟರು ಓಂಕಾರಮೂರ್ತಿಗಳು ಬೆತ್ತ ಹಿಡಿದು ಓಡಿಬಂದರು. ಬಂದವರು ತಾವೂ ಆಮೆಯನ್ನು ನೋಡಿ ನಕ್ಕು ಹೋದರು.

ಮರುದಿನ ಮಕ್ಕಳಿಂದ ಅಂಥದೇ ಎಲೆ ಮಾಡಿಸಿದೆ. ಎಣ್ಣೆ ಮಿಲ್ಲಿನ ಹಳೆಯ ಕ್ಯಾಲೆಂಡರು, ಮದುವೆ ಕಾಗದ, ಮೈದಾ ಅಂಟು. ಎಲೆಯ ಆಕಾರಕ್ಕೆ ಕತ್ತರಿಸಿ, ಮಡಚಿ, ಅಂಟಿಸಿದರೆ ಅದೇ ಒಂದು ಪುಟ್ಟ ಪುಸ್ತಕ. ಮೊದಲ ಪುಟದಲ್ಲಿ ನಿಮ್ಮ ಆಸೆಯ ಚಿತ್ರ ಬರೆಯಿರಿ, ಒಳಗೆ ನಿಮಗೆ ತೋಚಿದ್ದು ಬರೆಯಿರಿ, ಆಮೇಲೆ ಅಂಗಳದ ಬೇವಿನ ಮರಕ್ಕೆ ಕಟ್ಟಿ ಎಂದೆ. ಕಟ್ಟುವ ಮೊದಲು ಮಕ್ಕಳೆಲ್ಲ ಬೋರ್‌ವೆಲ್ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡು ಬಂದರು. ತಿಪ್ಪೇರುದ್ರ ಎಂಬ ಹುಡುಗ ಮರಕ್ಕೆ ಮೂರು ಸುತ್ತು ಹಾಕಿ ಕೆನ್ನೆ ಬಡಿದುಕೊಂಡ. ಎಷ್ಟು ಶಿಸ್ತಿನ ಮಕ್ಕಳು ಎಂದು ನನಗೆ ತುಂಬಾ ಹೆಮ್ಮೆಯಾಯಿತು.

ಮರದ ಬುಡದಲ್ಲಿ ಅರಿಸಿನ ಬಳಿದ ಕಲ್ಲೊಂದು ಇತ್ತು. ಅದು ಚೌಡಮ್ಮ, ಆ ಮರಕ್ಕೆ ಏನು ಕಟ್ಟಿದರೂ ಅದು ಹರಕೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಎಲೆಗಳ ಮೊದಲ ಪುಟ ನೋಡುತ್ತಾ ಬಂದೆ. ಕಾವ್ಯ ಎಂಬ ಹುಡುಗಿ, ಮುರುಗೇಂದ್ರಪ್ಪನವರ ಮಗಳು, ತಾನು ಚಿತ್ರಪುಸ್ತಕ ಹಿಡಿದು ಕೂತಿರುವಂತೆ ಬರೆದಿದ್ದಳು. ಪಕ್ಕದಲ್ಲಿ ಎರಡು ಜೊತೆ ಚಪ್ಪಲಿ. ಶಾಲೆಗೆ ಇದ್ದದ್ದು ಅಂಥದೊಂದೇ ಪುಸ್ತಕ, ಅದನ್ನು ಅವಳು ಹಿಂದಿನ ದಿನದಿಂದ ಕಣ್ಣಲ್ಲೇ ನುಂಗುತ್ತಿದ್ದುದನ್ನು ನಾನು ನೋಡಿದ್ದೆ. ಅವಳನ್ನು ಕರೆದು, "ತಗೋ, ಇದು ನಿನಗೇ ಇರಲಿ" ಎಂದುಬಿಟ್ಟೆ. ಅವಳು ಪುಸ್ತಕವನ್ನು ಎದೆಗೆ ಅವಚಿಕೊಂಡು, ನನಗಲ್ಲ, ಬೇವಿನ ಮರಕ್ಕೆ ಕೈಮುಗಿದು ಓಡಿದಳು.

ಆಮೇಲೆ ಹೆಡ್ಮಾಸ್ಟರು ಒಳಪುಟಗಳನ್ನು ಬಿಡಿಸಿ ಓದಿದರು. ನಾನು ಹೇಳಿಕೊಟ್ಟಿದ್ದು ಆಸೆ. ಮಕ್ಕಳು ಮನೆಯಲ್ಲಿ ಕಲಿತದ್ದು ಹರಕೆ: ಇದು ಆದರೆ ಅದು ಕೊಡುತ್ತೇನೆ. ಒಬ್ಬ ತನಗೆ ಮುಂದಿನ ಹಲ್ಲು ಬಂದರೆ ಅಣ್ಣನ ಹಲ್ಲು ಕೊಡುತ್ತೇನೆ ಎಂದು ಬರೆದಿದ್ದ. ಗಣಿತದ ಪುಸ್ತಕ ಕಳೆದುಹೋದರೆ ಹೆಡ್ಮಾಸ್ಟರ ಸೈಕಲ್ ಕೊಡುತ್ತೇನೆ ಎಂದು ತಿಪ್ಪೇರುದ್ರ ಬರೆದಿದ್ದ. ಹೆಡ್ಮಾಸ್ಟರು ಅದನ್ನು ಎರಡು ಸಲ ಓದಿ, ಎದ್ದುಹೋಗಿ, ಸೈಕಲ್ಲಿಗೆ ಬೀಗ ಹಾಕಿ ಬಂದರು.

"ಮೇಡಂ, ಇದೊಂದು ನೋಡ್ರಿ" ಎಂದು ಕಾವ್ಯಳ ಎಲೆ ಕೊಟ್ಟರು. ಎರಡನೇ ಪುಟದಲ್ಲಿ ದುಂಡು ಅಕ್ಷರ: 'ಚೌಡಮ್ಮ ತಾಯಿ, ಆಮೆ ಪುಸ್ತಕ ನನಗೇ ಸಿಕ್ಕರೆ ನಮ್ಮಪ್ಪನ ಮೀಸೆ ಕೊಡುತ್ತೇನೆ.'

"ಪುಸ್ತಕ ಎಲ್ಲೈತೆ?" ಎಂದರು.

"ಕೊಟ್ಟುಬಿಟ್ಟೆ ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರಜಾ ಚೀಟಿ ಏನಾದ್ರೂ ಬರೆದುಕೊಡ್ತೀರಾ?" ಎಂದು ನಿಧಾನವಾಗಿ ಕೇಳಿದರು.

ಮುರುಗೇಂದ್ರಪ್ಪನವರು ಜಮೀನ್ದಾರರು, ಊರಿನ ಶೇಂಗಾವನ್ನೆಲ್ಲ ಕೊಂಡು ಚಳ್ಳಕೆರೆಗೆ ಹೊಡೆಯುವವರು. ಮೀಸೆ ಎರಡೂ ಕೆನ್ನೆಯನ್ನು ದಾಟಿ ಕಿವಿಯ ಕಡೆಗೆ ಹೊರಟಿತ್ತು. ಬೆಳಿಗ್ಗೆ ಎದ್ದು ಅದಕ್ಕೆ ಹರಳೆಣ್ಣೆ ತಿಕ್ಕಿ, ಹುರಿ ಮಾಡಿ, ಕನ್ನಡಿಯ ಮುಂದೆ ಎಡಕ್ಕೆ ಬಲಕ್ಕೆ ತಿರುಗಿ ನೋಡುವವರೆಗೆ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವಂತಿರಲಿಲ್ಲ. ಆ ಮೀಸೆಯ ಕೆಳಗೆ ಬಾಯಿ ಎಂಬುದು ಇದೆ ಎಂದು ಅವರು ಊಟ ಮಾಡುವಾಗ ಮಾತ್ರ ಗೊತ್ತಾಗುತ್ತಿತ್ತು.

ಕಾವ್ಯ ಮನೆಯಲ್ಲಿ ಹರಕೆಯ ಮಾತು ಹೇಳಿಬಿಟ್ಟಿದ್ದಳು, ಮರುದಿನ ಅವರು ಶಾಲೆಗೆ ಬಂದರು. ಜೊತೆಗೆ ಅವರ ತಾಯಿ, ಪುಸ್ತಕ ಅವಚಿಕೊಂಡ ಕಾವ್ಯ, ಹಿಂದೆ ಕ್ಷೌರದ ಪೆಟ್ಟಿಗೆ ಹಿಡಿದ ಪಾತಣ್ಣ. ಪಾತಣ್ಣನನ್ನು ಕರೆಸಿದ್ದು ಅಜ್ಜಿ.

"ಮೇಡಮ್ನೋರೇ, ಪಾಠ ಹೇಳ್ರಿ ಅಂತ ಮಗಳ್ನ ಕಳಿಸಿದ್ರೆ ಮೀಸೆಗೆ ಕತ್ತರಿ ಇಡ್ತೀರಲ್ರಿ!" ಎಂದು ಮುರುಗೇಂದ್ರಪ್ಪನವರು ಗುಡುಗಿದರು.

"ಅದು ಕಾಗದದ ಕೆಲಸ ಅಷ್ಟೇ, ಹರಕೆ ಅಲ್ಲ" ಎಂದೆ.

"ಕಟ್ಟಿದ್ದು ಚೌಡಮ್ಮನ ಮರಕ್ಕೆ. ಕೇಳಿದ್ದು ಸಿಕ್ಕೈತೆ. ಇನ್ನೇನು ಬೇಕು?" ಎಂದರು ಅಜ್ಜಿ. "ಕುಂತ್ಕಳಪ್ಪ."

"ಅವ್ವ, ಬೆಳ್ಳಿ ಮೀಸೆ ಮಾಡಿಸಿ ಹಾಕ್ತೀನಿ. ಕಣ್ಣು ಬ್ಯಾನೆ ಬಂದ್ರೆ ಬೆಳ್ಳಿ ಕಣ್ಣು ಕೊಡಲ್ವಾ, ಹಂಗೆ."

"ಅದು ಕಣ್ಣು ಕೀಳಕ್ಕಾಗಲ್ಲ ಅಂತ. ಮೀಸೆ ಬೋಳಿಸಕ್ಕಾಗ್ತದೆ."

ಪಾತಣ್ಣ ತಲೆಯಾಡಿಸಿದ. ಹೆಡ್ಮಾಸ್ಟರು ಸೈಕಲ್ಲಿನ ಹತ್ತಿರವೇ ನಿಂತು, ಒಂದು ಕಡೆಯ ಮೀಸೆ ಮಾತ್ರ ಕೊಟ್ಟರೆ ಹೇಗೆ ಎಂದು ಸಲಹೆ ಕೊಟ್ಟರು. ಅವರ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ಮುರುಗೇಂದ್ರಪ್ಪನವರಿಗೆ ಒಂದು ದಾರಿ ಹೊಳೆಯಿತು. "ಪುಸ್ತಕ ವಾಪಸ್ ಕೊಟ್ಟುಬಿಡು ಕಾವ್ಯ. ಆಗ ಸಿಕ್ಕಂಗೇ ಅಲ್ಲ. ಮೀಸೆನೂ ಕೊಡಂಗಿಲ್ಲ."

ಕಾವ್ಯ ಅಪ್ಪನ ಮುಖ ನೋಡಿದಳು. ಪುಸ್ತಕ ನೋಡಿದಳು. ಅದಕ್ಕೆ ಆಗಲೇ ಕ್ಯಾಲೆಂಡರು ಹಾಳೆಯ ಬೈಂಡು ಹಾಕಿ, ಅರಿಸಿನ ಕುಂಕುಮ ಹಚ್ಚಿದ್ದಳು. ಎರಡೂ ಕೈಯಲ್ಲಿ ನನ್ನ ಕಡೆಗೆ ಚಾಚಿದಳು. ಕಣ್ಣಲ್ಲಿ ನೀರು ತುಂಬಿ ಗಲ್ಲಕ್ಕೆ ಇಳಿಯಿತು. ನನಗೆ ಕೈ ಬರಲಿಲ್ಲ, ನಾನು ತೆಗೆದುಕೊಳ್ಳಲಿಲ್ಲ.

"ಅಲ್ಲಮ್ಮ, ಮನೆಯಾಗೆ ಮೇಕೆ ಐತೆ, ಕೋಡುಬಳೆ ಡಬ್ಬಿ ಐತೆ" ಎಂದರು ಮುರುಗೇಂದ್ರಪ್ಪನವರು. ಈಗ ದನಿ ಇಳಿದಿತ್ತು. "ನನ್ನ ಮೀಸೇನೇ ಯಾಕೆ ಬರ್ದೆ?"

"ಮನೆಯಾಗೆ ಎಲ್ಲಕ್ಕಿಂತ ಹೆಚ್ಚಿಂದು ಕೊಡಬೇಕು ಅಂತ ಅಜ್ಜಿ ಹೇಳ್ತಾಳೆ. ನೀನು ದಿನಾ ಅದ್ಕೇ ಎಣ್ಣೆ ಹಚ್ತೀಯಾ."

ಅಜ್ಜಿ ಬೇವಿನ ಮರದ ತುದಿ ನೋಡತೊಡಗಿದರು. ಏನಾದರೂ ಹೇಳಬೇಕಲ್ಲ ಎಂದು ನಾನು ಕಾವ್ಯಳ ಎಲೆಯನ್ನು ಒಳಗಿನಿಂದ ತಂದು, ಚಿತ್ರ ಚೆನ್ನಾಗಿ ಬರೆದಿದ್ದಾಳೆ ನೋಡಿ ಎಂದು ಅವರ ಕೈಗೆ ಕೊಟ್ಟೆ. ಅವರು ಪುಟ ತಿರುಗಿಸಿದರು. ಕೊನೆಯ ಪುಟವನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅದರಲ್ಲಿ ಮುರುಗೇಂದ್ರಪ್ಪನವರೇ ಇದ್ದರು, ಮೀಸೆಯಿಲ್ಲದೆ. ಇಡೀ ಪುಟದ ಅಗಲಕ್ಕೆ ಕೆಂಪು ಕ್ರೆಯಾನಿನಲ್ಲಿ ಒಂದು ನಗು.

"ನಾನು ಯಾವಾಗಮ್ಮ ಹಿಂಗೆ ನಕ್ಕಿದ್ದು?" ಎಂದರು.

"ನಗ್ತೀಯೇನೋ. ಮೀಸೆ ಒಳಗೆ ಕಾಣಲ್ಲ."

ಮುರುಗೇಂದ್ರಪ್ಪನವರು ಆ ಎಲೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟರು. ಆಮೇಲೆ ಕಲ್ಲಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, "ಲೇ ಪಾತಣ್ಣ, ಕತ್ತಿ ಮಸೆಯೋ" ಎಂದರು.

ಪಾತಣ್ಣ ಕತ್ತಿಯನ್ನು ಎರಡೆರಡು ಸಲ ಮಸೆದ, ಪಾಪ. ಅಂಥ ಮೀಸೆಯನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ. ಮೊದಲು ಎಡಗಡೆ ಹೋಯಿತು, ಆಮೇಲೆ ಬಲಗಡೆ. ವರ್ಷಾನುಗಟ್ಟಲೆ ಬಿಸಿಲು ಕಾಣದ ಚರ್ಮ ಸುಲಿದ ಆಲೂಗಡ್ಡೆಯಂತೆ ಬೆಳ್ಳಗಿತ್ತು. ಮಕ್ಕಳು ತುದಿಗಾಲಲ್ಲಿ ನಿಂತು ನೋಡುತ್ತಿದ್ದರು. ಮುರುಗೇಂದ್ರಪ್ಪನವರು ತುಟಿ ಸವರಿಕೊಂಡರು. ಇಲ್ಲದ ಹುರಿಯನ್ನು ತಿರುವಲು ಹೋದ ಬೆರಳು ಗಾಳಿಯಲ್ಲಿ ಸುತ್ತಿತು. ಅದಕ್ಕೆ ಅವರಿಗೇ ನಗು ಬಂದುಬಿಟ್ಟಿತು. ಮುಂದಿನ ಹಲ್ಲುಗಳ ನಡುವೆ ಒಂದು ಸಂದು, ಎರಡೂ ಕೆನ್ನೆಯಲ್ಲಿ ಗುಳಿ.

"ಕಾಣ್ತು! ಕಾಣ್ತು!" ಎಂದು ಕಾವ್ಯ ಕುಣಿದಳು. ನಮ್ಮ ಮಗನಿಗೆ ಗುಳಿ ಇತ್ತು ಎಂಬುದೇ ಮರೆತುಹೋಗಿತ್ತು ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಚೌಡಮ್ಮನ ಮುಂದೆ ವೀಳ್ಯದೆಲೆಯ ಮೇಲೆ ಮೀಸೆ ಅಳಿಲಿನ ಬಾಲದಂತೆ ಬಿದ್ದಿತ್ತು.

ಆ ವಾರ ಚಳ್ಳಕೆರೆಯ ಮಂಡಿಯಲ್ಲಿ ಅವರಿಗೆ ಬಹಳ ಅವಮಾನವಾಯಿತಂತೆ. ಹಳೆಯ ದಲ್ಲಾಳಿಯೇ "ಏನ್ ಬೇಕಿತ್ತು, ಹೊಸಬ್ರಾ?" ಎಂದು ಕೇಳಿದನಂತೆ. ಮನೆಗೆ ಬಂದವರೇ ಮೀಸೆಯನ್ನು ಮೊದಲಿಗಿಂತ ದೊಡ್ಡದಾಗಿ ಬಿಡುತ್ತೇನೆ ಎಂದು ಘೋಷಿಸಿದರು. ಹರಕೆ ತೀರಿತ್ತು, ಅಜ್ಜಿಯೂ ಏನೂ ಅನ್ನುವಂತಿರಲಿಲ್ಲ.

ಮರುದಿನ ಕಾವ್ಯ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಮಿಸ್, ಇನ್ನೊಂದು ಎಲೆ ಕಟ್ಟೀನಿ. ಮ್ಯಾಲಿನ ಕೊಂಬೆಗೆ. ಅಪ್ಪನ ಮೀಸೆ ಮೊದಲಿನಂಗೆ ಬೆಳೆದ್ರೆ ನಿಮ್ಮ ಜಡೆ ಕೊಡ್ತೀನಿ ಅಂತ."

ನಾನು ಜಡೆಯನ್ನು ಮುಂದಕ್ಕೆ ಎಳೆದುಕೊಂಡೆ. "ನನ್ನ ಜಡೆ ಯಾಕೆ?"

"ಶಾಲೆಯಾಗೆ ಎಲ್ಲಕ್ಕಿಂತ ಹೆಚ್ಚಿಂದು ಅದೇ ಅಲ್ವಾ ಮಿಸ್?"

ಮೇಲಿನ ಕೊಂಬೆಯನ್ನು ಎಷ್ಟು ಕತ್ತೆತ್ತಿ ನೋಡಿದರೂ ಯಾವ ಎಲೆ ಕಾಗದದ್ದು, ಯಾವುದು ಬೇವಿನದು ಎಂದು ತಿಳಿಯಲಿಲ್ಲ. ಸುದ್ದಿ ಊರೆಲ್ಲ ಹಬ್ಬಿತು. ಪಾತಣ್ಣ ನನ್ನನ್ನು ಕಂಡಾಗಲೆಲ್ಲ ಜಡೆಯ ಉದ್ದವನ್ನು ಕಣ್ಣಳತೆ ಮಾಡತೊಡಗಿದ. ಸಂಜೆ ಮುರುಗೇಂದ್ರಪ್ಪನವರೇ ಮನೆ ಬಾಗಿಲಿಗೆ ಬಂದರು.

"ಹೆಣ್ಮಕ್ಕಳ ಜಡೆ ಕೀಳಿಸಿ ಮೀಸೆ ತಿರುವೋ ಮನುಷ್ಯ ಅಲ್ರಿ ನಾನು. ನಿಮ್ಮ ತಲೆ ಮ್ಯಾಲೆ ಜಡೆ ಇರೋವರೆಗೂ ಬೋಳಿಸ್ತೀನಿ. ಬೆಳೆದ್ರೆ ತಾನೆ ಹರಕೆ?"

ಹೇಳಿದಂತೆ ನಡೆದುಕೊಂಡರು. ಮಂಡಿಯವರಿಗೆ ಹೊಸ ಮುಖ ರೂಢಿಯಾಯಿತು. ಎಣ್ಣೆ ಹಚ್ಚಿ ಅಭ್ಯಾಸವಾದ ಕೈ ಸುಮ್ಮನಿರದೆ ಕಾವ್ಯಳ ತಲೆಗೆ ಹಚ್ಚತೊಡಗಿತು. ಹುಡುಗಿ ಹರಳೆಣ್ಣೆ ಸೋರಿಸಿಕೊಂಡೇ ಶಾಲೆಗೆ ಬರುತ್ತಿದ್ದಳು.

ಕಾವ್ಯ ಏಳನೇ ತರಗತಿಯಲ್ಲಿದ್ದಾಗ ನನಗೆ ವರ್ಗವಾಯಿತು. ತಳಕಿನ ಬಸ್‌ ಸ್ಟಾಪಿಗೆ ತಂದೆ ಮಗಳು ಇಬ್ಬರೂ ಬಂದಿದ್ದರು. ಮುರುಗೇಂದ್ರಪ್ಪನವರು ಒಂದು ಚೀಲ ಶೇಂಗಾ ಬಸ್ಸಿಗೆ ಹತ್ತಿಸಿ, ಕಂಡಕ್ಟರನ ಜೊತೆ ಏನೋ ಹೇಳಿ ಗಹಗಹಿಸುತ್ತಿದ್ದರು. ಗುಳಿ ದೂರಕ್ಕೂ ಕಾಣುತ್ತಿತ್ತು. ಕಾವ್ಯ ಕಿಟಕಿಯ ಹತ್ತಿರ ಬಂದಳು.

"ಮಿಸ್, ಜಡೆ ಬಗ್ಗೆ ಹೆದರಬ್ಯಾಡ್ರಿ. ಆ ಎರಡನೇ ಎಲೆ ನಾನು ಕಟ್ಟಿರ್ಲೇ ಇಲ್ಲ."

"ಕಟ್ಟಿರಲಿಲ್ವಾ? ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

ಅವಳು ತಿರುಗಿ ಅಪ್ಪನನ್ನು ನೋಡಿದಳು. "ಹೇಳಿದ್ರೆ ಮೀಸೆ ಬಿಡ್ತಿದ್ದ ಮಿಸ್. ನಗು ಮತ್ತೆ ಮುಚ್ಚಿ ಹೋಗ್ತಿತ್ತು."

ಬಸ್ಸು ಹೊರಟಿತು. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಜಡೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು, "ಈಗಲೂ ಹೇಳಬೇಡ" ಎಂದು ಕೂಗಿದೆ.