ಎದೆಮಟ್ಟದ ಮೆಣಸಿನ ಗಿಡ

ಚಿಮಾಯೋ ಊರಿನ ಎಲೋಯಿಸಾ ಮೈದುನನ ಹಿತ್ತಲಿಗೆ ಕಾಲಿಟ್ಟವಳೇ ಮೂಗು ಮುರಿದಳು. ಮಾವ ತೀರಿಹೋದ ಮೇಲೆ ಅವರ ಮೆಣಸಿನ ಬೀಜವನ್ನು ವರ್ಷವರ್ಷವೂ ಒಣಗಿಸಿ ಉಳಿಸಿದವಳು ಅವಳು. ಊರ ಕಾಲುವೆಯ ಸರದಿ ಬಂದಾಗಷ್ಟೇ ನೀರು, ಚಳಿಗಾಲದಲ್ಲಿ ಮಣ್ಣಿಗೆ ಬೆರೆಸಿದ ಕುರಿಗೊಬ್ಬರ, ಅಷ್ಟರಲ್ಲೇ ಅವಳ ಗಿಡಗಳು ಮೊಣಕಾಲೆತ್ತರದಲ್ಲಿ ಕಾಯಿ ಹೊತ್ತು ಬಾಗುತ್ತಿದ್ದವು. ಪಟ್ಟಣದ ಕೆಲಸದಿಂದ ನಿವೃತ್ತನಾಗಿ ಬಂದ ಮೈದುನ ಫಿಡೆನ್ಸಿಯೋ ಅದೇ ಬೀಜ ಬಿತ್ತಿ, ದಿನಾ ನಲ್ಲಿ ನೀರು ಬಿಟ್ಟು, ವಾರವಾರ ಯೂರಿಯಾ ಸುರಿದಿದ್ದ. ಗಿಡಗಳು ಎದೆಮಟ್ಟ ಬೆಳೆದಿದ್ದವು. ಕೊಯ್ಲಿನ ತಿಂಗಳು ಸೆಪ್ಟೆಂಬರ್ ಮುಗಿಯುತ್ತಿದ್ದರೂ ಒಂದು ಕಾಯಿಯೂ ಇರಲಿಲ್ಲ.

"ಎಲೆ ನೋಡಿ ಅತ್ತಿಗೆ. ನಿಮ್ಮ ಗಿಡಗಳು ಉಪವಾಸ ಬಿದ್ದಂಗಿವೆ."

"ಮೇಕೆ ಯಾವಾಗ ತರ್ತೀಯಾ?"

"ಮೇಕೆ ಯಾಕೆ?"

"ಮತ್ತೆ ಇಷ್ಟು ಮೇವು ಯಾರಿಗೋ?"

ಅವನು ಅವಳನ್ನು ಮುಂಬಾಗಿಲಿಗೆ ಕರೆದೊಯ್ದ. ಅಲ್ಲಿ ಕೆಂಪು ಮೆಣಸಿನಕಾಯಿಯ ಉದ್ದನೆಯ ಸರ ತೂಗುತ್ತಿತ್ತು.

"ಮೊದಲ ಕೊಯ್ಲು," ಎಂದ. "ಅದಕ್ಕೇ ಗಿಡದಲ್ಲಿ ಉಳಿದಿಲ್ಲ."

ಎಲೋಯಿಸಾ ಒಂದು ಕಾಯಿ ಮುರಿದು ಮೂಸಿದಳು. ಘಾಟಿರಲಿಲ್ಲ, ವಾರ್ನಿಷ್ ವಾಸನೆ ಇತ್ತು. ಹೆದ್ದಾರಿ ಪಕ್ಕ ಪ್ರವಾಸಿಗರಿಗೆ ಮಾರುವ, ಗೋಡೆಗಷ್ಟೇ ಲಾಯಕ್ಕಾದ ಅಲಂಕಾರದ ಸರ ಅದು. ಮೆಣಸಿಗೆ ಹೆಸರಾದ ಈ ಕಣಿವೆಯಲ್ಲೇ ಹುಟ್ಟಿದವನು ಅದನ್ನು ತನ್ನ ಬಾಗಿಲಿಗೆ ಕಟ್ಟಿದ್ದ.

"ಗಿಡವೇ ವಾರ್ನಿಷ್ ಹಚ್ಚಿಕೊಂಡು ಕಾಯಿ ಬಿಡ್ತು ಅಂತ ಊರಿಗೆಲ್ಲ ಹೇಳ್ಕೋ, ಫಿಡೆನ್ಸಿಯೋ," ಎಂದಳು. "ಬೀಜ ನಿಮ್ಮಪ್ಪನದು ಅಂತ ಮಾತ್ರ ಹೇಳ್ಬೇಡ."