ಚಕ್ರದ ಬಳಿಯ ಕೆಂಪು ನೀರು

ಕಾರಿನ ಇಂಜಿನ್ ಆರಿಸಿ, ಬಾಗಿಲು ಹಾಕಿಕೊಂಡು ಶ್ರೀಹರಿ ಒಳಗೆ ಬಂದ ಮೇಲೂ ಬಾನೆಟ್ಟಿನ ಒಳಗೆ ಯಾರೋ ಗುನುಗುತ್ತಿದ್ದರು. ತುಟಿ ಬಿಚ್ಚದೆ ಮಗುವನ್ನು ಮಲಗಿಸುವವರ ಹಾಗೆ.

ಇದನ್ನು ಇದ್ದ ಹಾಗೆ ಹೇಳಿದರೆ ನಗುತ್ತಾರೆ. ಆದ್ದರಿಂದ, "ರೀ, ಆಫ್ ಮಾಡಿದ ಮೇಲೂ ಏನೋ ಸದ್ದು ಬರ್ತಿದೆ" ಎಂದಷ್ಟೇ ಹೇಳಿದೆ.

"ಟರ್ಬೊ ಕಾರು ಕಣೆ, ಬಿಸಿ ಜಾಸ್ತಿ. ತಣ್ಣಗಾಗೋ ತನಕ ಒಳಗೊಂದು ಪುಟ್ಟ ಪಂಪು ತಿರುಗ್ತಿರತ್ತೆ. ಅದರ ಮೇಲೂ ನಿಂಗೆ ಅನುಮಾನಾನಾ?"

ಇರಬಹುದು. ಅಡುಗೆಮನೆಯ ಕಿಟಕಿ ಕಾರು ನಿಲ್ಲಿಸುವ ಪೋರ್ಟಿಕೊ ಕಡೆಗೇ ತೆರೆಯುತ್ತದೆ. ನಾನು ದಿನವೂ ಕೇಳುತ್ತಿದ್ದೆ. ಆ ಸದ್ದು ಕ್ರಮೇಣ ಕುಗ್ಗುತ್ತಿರಲಿಲ್ಲ. ಯಾರೋ ಆಲಿಸುತ್ತಿದ್ದಾರೆಂದು ತಿಳಿದವರಂತೆ ತಟ್ಟನೆ ನಿಲ್ಲುತ್ತಿತ್ತು. ಆಮೇಲೆ ತಳ ಹಿಡಿದ ಪಾಯಸದಂಥ ಒಂದು ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು.

ಕಾರು ಸೆಕೆಂಡ್ ಹ್ಯಾಂಡ್. ಕೊಂಡಾಗಿನಿಂದಲೂ ಅದರ ಕೂಲಂಟ್ ಇಳಿಯುತ್ತಿತ್ತು. ಇಂಜಿನ್ನನ್ನು ತಣ್ಣಗಿಡುವ ಕೆಂಪು ದ್ರವ ಅದು. ಬಾನೆಟ್ಟಿನೊಳಗೆ ಅದನ್ನು ತುಂಬಿಸುವ ಡಬ್ಬಿಯ ಮೇಲೆ ನಾನೇ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ವಾರ ಕಳೆಯುವಷ್ಟರಲ್ಲಿ ಮಟ್ಟ ಗೆರೆಯಿಂದ ಕೆಳಗೆ ಹೋಗಿರುತ್ತಿತ್ತು. ಚಾಮರಾಜಪೇಟೆಯ ಐದನೇ ಮೇನ್‌ನಲ್ಲಿ ಗ್ಯಾರೇಜು ಇಟ್ಟಿರುವ ಮರಿಯಣ್ಣ ಮೊದಲು ಮುಚ್ಚಳ ಬದಲಾಯಿಸಿದ. ಆಮೇಲೆ ರಬ್ಬರ್ ಪೈಪು, ಆಮೇಲೆ ವಾಟರ್ ಪಂಪು. ಆದರೂ ಇಳಿಯುತ್ತಲೇ ಇತ್ತು.

"ಪ್ರೆಷರ್ ಹಾಕಿ ರಾತ್ರಿಯಿಡೀ ಬಿಟ್ಟಿದ್ದೆ ಮೇಡಂ. ಮೀಟರಿನ ಮುಳ್ಳು ಒಂಚೂರೂ ಅಲ್ಲಾಡಿಲ್ಲ. ನೆಲದ ಮೇಲೆ ಒಂದು ತೊಟ್ಟೂ ಇಲ್ಲ" ಎಂದು ಮರಿಯಣ್ಣ ಕೈ ಒರೆಸಿಕೊಂಡ. "ನಿಮ್ಮನೇಲಿ ಯಾರಾದ್ರೂ ಕುಡೀತಿದಾರಾ ನೋಡಿ!"

ಶ್ರೀಹರಿ ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ. "ಸಿಹಿ ವಾಸನೆ ಬರತ್ತಲ್ಲ, ಅದು ಯಾಕೆ?" ಎಂದು ಕೇಳಿದೆ.

"ಕೂಲಂಟೇ ಹಂಗೆ. ರುಚೀನೂ ಸಿಹಿ ಅಂತಾರೆ. ಆದ್ರೆ ವಿಷ ಮೇಡಂ, ಮುಟ್ಟಿದ್ರೆ ಕೈ ತೊಳ್ಕೊಳಿ."

ಅತ್ತೆಯ ಲೆಕ್ಕಾಚಾರವೇ ಬೇರೆ. "ಎದುರುಮನೆಯವಳು ಎಷ್ಟು ಸಲ ಕೇಳಿದಳು, ಕಾರಿಗೆಷ್ಟಾಯ್ತು ಕಾರಿಗೆಷ್ಟಾಯ್ತು ಅಂತ! ದೃಷ್ಟಿ ತಾಗದೆ ಇರತ್ತಾ?" ಅಂದಿನಿಂದ ಸಂಜೆ ಕಾರು ಬಂದು ನಿಂತೊಡನೆ ತಟ್ಟೆಯಲ್ಲಿ ಅರಿಶಿನ, ಸುಣ್ಣ ಕದಡಿ ಕೆಂಪು ಆರತಿ ನೀರು ಮಾಡಿಕೊಂಡು ಬಂದು ಕಾರಿಗೆ ನಿವಾಳಿಸಿ, ಮುಂದಿನ ಎಡಚಕ್ರದ ಬುಡಕ್ಕೆ ಸುರಿಯುತ್ತಿದ್ದರು. ಸುರಿಯುವ ಮುನ್ನ ಬೆರಳದ್ದಿ ನನ್ನ ಎರಡು ವರ್ಷದ ಮಗ ವಂಶಿಯ ಹಣೆಗೆ ಒಂದು ಬೊಟ್ಟು. ಅವನಿಗೆ ಅದೇ ಆಟವಾಯಿತು. ಕುಕ್ಕರಗಾಲಲ್ಲಿ ಕೂತು ನೆಲದ ಕೆಂಪಿಗೆ ತಾನೂ ಬೆರಳದ್ದಿ, ಹಣೆಗೆ, ಹೊಟ್ಟೆಗೆ, ಕಾರಿನ ಬಂಪರಿಗೆ ಬೊಟ್ಟಿಡುತ್ತಿದ್ದ.

"ನೋಡೇ, ನಮ್ಮನೆ ಪುಟ್ಟ ಆಚಾರ್ಯರು!" ಎಂದು ಅತ್ತೆ ದೃಷ್ಟಿ ತೆಗೆಯುತ್ತಿದ್ದರು. ಬೆಳಗ್ಗೆ ನಾನು ಎಂದಿನಂತೆ ನೀರು ಹಾಕಿ ಆ ಜಾಗವನ್ನು ಪೊರಕೆಯಿಂದ ತೊಳೆದು ರಂಗೋಲಿ ಇಡುತ್ತಿದ್ದೆ.

ನಮ್ಮ ರಸ್ತೆಯಲ್ಲೊಂದು ಕರಿನಾಯಿ ಇತ್ತು. ಗೇಟು ತೆರೆದಿದ್ದರೆ ನುಗ್ಗಿ ಬಂದು ಚಕ್ರದ ಬಳಿ ನೆಲ ನೆಕ್ಕುತ್ತಿತ್ತು. ಒಂದು ಬೆಳಗ್ಗೆ ಅದು ಕುಡಿದವರಂತೆ ತೂರಾಡುತ್ತ ನಡೆಯುವುದನ್ನು ನೋಡಿದೆ. ಎರಡು ದಿನಕ್ಕೆ ಮೋರಿಯ ಪಕ್ಕ ಸತ್ತು ಬಿದ್ದಿತ್ತು. ಯಾರೋ ವಿಷ ಹಾಕಿರಬೇಕೆಂದು ಬೀದಿಯವರು ಅಂದರು. ನಾನು ಒಳಗೆ ಬಂದು, ಕಾರಣ ತಿಳಿಯದೆಯೇ ವಂಶಿಯ ಕೈಗಳನ್ನು ಸೋಪು ಹಾಕಿ ತೊಳೆದೆ.

ಅದೇ ವಾರ ಮೈಸೂರಿನಲ್ಲಿ ಮಾವನವರ ದಾಯಾದಿಯೊಬ್ಬರು ತೀರಿಕೊಂಡರು. ನಮಗೂ ಹತ್ತು ದಿನದ ಸೂತಕ. ಅತ್ತೆ ದೇವರ ಮನೆಯ ಬಾಗಿಲು ಮುಚ್ಚಿದರು. ರಂಗೋಲಿಯಿಲ್ಲ, ಹಬ್ಬದಡುಗೆಯಿಲ್ಲ.

ಸೂತಕ ಶುರುವಾದ ಮಾರನೆಯ ಸಂಜೆ ಶ್ರೀಹರಿ ಆಫೀಸಿನಿಂದ ಬಂದು ಸ್ನಾನಕ್ಕೆ ಹೋಗಿದ್ದ. ನಾನು ಅನ್ನಕ್ಕಿಡುತ್ತಿದ್ದೆ. ಹೊರಗೆ ಗುನುಗು ಶುರುವಾಗಿ, ನಿಂತು, ಸುಮಾರು ಹೊತ್ತಾಗಿತ್ತು. ವಂಶಿ ಪೋರ್ಟಿಕೊದಿಂದ ಪುಟುಪುಟು ನಡೆದು ಬಂದು ನನ್ನ ಸೀರೆ ಹಿಡಿದುಕೊಂಡ.

ಅವನ ಹಣೆಯಲ್ಲಿ ಕೆಂಪು ಬೊಟ್ಟಿತ್ತು. ಇನ್ನೂ ಹಸಿ.

"ಅತ್ತೆ, ಮಗೂಗೆ ಬೊಟ್ಟಿಟ್ರಾ?"

ಅತ್ತೆ ನಡುಮನೆಯಿಂದಲೇ ರೇಗಿದರು. "ಬುದ್ಧಿ ಎಲ್ಲಿಟ್ಟಿದೀಯೇ? ಸೂತಕದಲ್ಲಿ ಆರತಿ ಎಲ್ಲಿಂದ ಬರಬೇಕು?"

ಹೊರಗೆ ಓಡಿದೆ. ಎಡಚಕ್ರದ ಬುಡದಲ್ಲಿ, ಅತ್ತೆ ದಿನವೂ ಸುರಿಯುತ್ತಿದ್ದ ಜಾಗದಲ್ಲೇ, ಅಂಗೈಯಗಲ ಕೆಂಪು ಒದ್ದೆ. ಯಾರೂ ಸುರಿದಿರಲಿಲ್ಲ. ನಾನು ನೋಡುತ್ತಿರುವಂತೆಯೇ ಕಾರಿನಡಿಯಿಂದ ಇನ್ನೊಂದು ತೊಟ್ಟು ಸದ್ದಿಲ್ಲದೆ ಇಳಿದು ಅದಕ್ಕೆ ಸೇರಿತು. ಪಕ್ಕದಲ್ಲಿ ಪುಟ್ಟ ಬೆರಳಿನ ಗುರುತುಗಳು.

ಇಷ್ಟು ದಿನವೂ ಸೋರಿದ್ದು ಇಲ್ಲೇ. ಕೆಂಪಿನ ಮೇಲೆ ಕೆಂಪು ಬೀಳುತ್ತಿತ್ತು, ಬೆಳಗ್ಗೆ ಎರಡನ್ನೂ ನಾನೇ ತೊಳೆಯುತ್ತಿದ್ದೆ.

ಒಳಗೆ ಬಂದಾಗ ವಂಶಿ ತೋರುಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದ. ಎಳೆದು ತೆಗೆದು ಬಾಯಿ ಮೂಸಿದೆ. ಸಿಹಿ ವಾಸನೆ. ಸೂತಕದ ಮನೆಯಲ್ಲಿ ಆ ದಿನ ಬೆಲ್ಲದ ಡಬ್ಬವನ್ನು ಯಾರೂ ಮುಟ್ಟಿರಲಿಲ್ಲ.

"ಕಾರು ತೆಗೀತೀನಿ ಇರು" ಎಂದು ನನ್ನ ಕೂಗಿಗೆ ಬಚ್ಚಲಿನಿಂದ ಓಡಿಬಂದ ಶ್ರೀಹರಿ ಒದ್ದೆ ಮೈಯಲ್ಲೇ ಕೀಲಿಗೆ ಕೈಹಾಕಿದ.

"ಆ ಕಾರಿಗೆ ನಾನು ಮಗೂನ ಹತ್ತಿಸೋದಿಲ್ಲ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೂಲೆಯಲ್ಲಿದ್ದ ಆಟೋ ಹತ್ತಿ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಮರಿಯಣ್ಣನಿಗೆ ಫೋನ್ ಮಾಡಿ ವಿಷಯ ತಿಳಿಸಿ, "ಅತ್ತೆ ಹತ್ರ ಕೀಲಿ ಇದೆ. ಕಾರನ್ನ ಚೆನ್ನಾಗಿ ಓಡಿಸಿ ತಂದು, ಆಫ್ ಮಾಡಿ, ಪಕ್ಕದಲ್ಲೇ ನಿಂತ್ಕೊಂಡು ನೋಡಿ" ಎಂದೆ.

ವೈದ್ಯೆ ವಂಶಿಯ ರಕ್ತ ತೆಗೆದು, ಪುಟ್ಟ ಕೈಗೆ ಸೂಜಿ ಚುಚ್ಚಿ ಔಷಧಿ ಏರಿಸಿದರು. "ಬೆರಳಿಗೆ ಅಂಟಿದ್ದಷ್ಟೇ ಆದ್ರೆ ಭಯ ಇಲ್ಲ. ಎಷ್ಟು ಹೋಗಿದೆ ಅಂತ ಯಾರೂ ನೋಡಿಲ್ವಲ್ಲ. ಕಿಡ್ನಿಗೆ ತೊಂದ್ರೆ ಆಗಿದ್ಯಾ ಅಂತ ಬೆಳಗ್ಗೆ ಇನ್ನೊಂದ್ಸಲ ನೋಡಬೇಕು."

ಮರಿಯಣ್ಣನ ಫೋನು ಬಂತು. "ಸಿಕ್ತು ಮೇಡಂ. ಟರ್ಬೊ ಹತ್ರ ಹೋಗೋ ಪೈಪಿನ ಜಾಯಿಂಟು. ತಣ್ಣಗಿದ್ದಾಗ ಬಿಗಿಯಾಗೇ ಇರತ್ತೆ. ಆಫ್ ಮಾಡಿದ ಮೇಲೆ ಒಳಗಿನ ಕಾವಿಗೆ ಬಾಯ್ಬಿಡತ್ತೆ, ಆರಿದ ಮೇಲೆ ತಾನೇ ಮುಚ್ಕೊಳತ್ತೆ. ನಾನು ಯಾವಾಗ್ಲೂ ತಣ್ಣಗಿದ್ದಾಗ್ಲೇ ನೋಡ್ತಿದ್ದೆ..." ಆಮೇಲೆ, "ಮಗು ಹೇಗಿದೆ?" ಎಂದ. ನನಗೆ ಗೊತ್ತಿರಲಿಲ್ಲ.

ವಂಶಿ ಹೆಜ್ಜೆ ಹಾಕುವಾಗ ತೂರಾಡಿದರೆ ಕರೆಯಿರಿ ಎಂದು ನರ್ಸ್ ಹೇಳಿ ಹೋದರು. ಅವನು ನಡೆಯಲೇ ಇಲ್ಲ, ನಿದ್ದೆ ಹೋದ. ಅದು ಬರೀ ನಿದ್ದೆಯೇ ಎಂದು ನಾನು ಮತ್ತೆ ಮತ್ತೆ ಬಗ್ಗಿ ಅವನ ಉಸಿರು ಮೂಸುತ್ತಿದ್ದೆ.

ಬೆಳಗ್ಗೆ ವೈದ್ಯೆ ಹೊಸ ರಿಪೋರ್ಟ್ ನೋಡಿ, "ಏನೂ ಇಲ್ಲ. ಮಧ್ಯಾಹ್ನ ಕರ್ಕೊಂಡ್ಹೋಗಿ" ಎಂದು ನಕ್ಕರು. ಶ್ರೀಹರಿ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ವಂಶಿ ಕಣ್ಣು ಬಿಟ್ಟು, "ಅಮ್ಮ, ನೀಯು" ಎಂದ.

ಲೋಟ ತುಂಬಿಸಿದೆ. ಬೆಳಕಿಗೆ ಹಿಡಿದೆ, ಮೂಸಿದೆ. ಅವನು ಎರಡೂ ಕೈ ಚಾಚಿ ಅಳುವುದಕ್ಕೆ ಶುರುಮಾಡಿದ. ನಾನೇ ಮೊದಲು ಒಂದು ಗುಟುಕು ಕುಡಿದು, ನಾಲಿಗೆಯ ಮೇಲೆ ಇಟ್ಟುಕೊಂಡು, ಅದು ಸಪ್ಪೆಯೇ ಎಂದು ಖಾತ್ರಿಯಾಗುವವರೆಗೆ ಅವನನ್ನು ಕಾಯಿಸಿದೆ.